ಮಲಗುವ ಸೀಟಿನ ಪಾಲುದಾರರು

ರಾಜೀವಿಗೆ ಆ ಸೀಟಿನ ಮೇಲೆ ಮನಸ್ಸು ಹೋದದ್ದು ಬಸಳೆ ಹೆಚ್ಚುತ್ತಿದ್ದಾಗ.

ಜನವರಿಯ ಒಂದು ಭಾನುವಾರ. ಮುಂಬಯಿಯ ಮುಲುಂಡ್ ಈಸ್ಟಿನ ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಡುಗೆಮನೆ. ನೆಲದ ಮೇಲೆ ಮೆಟ್ಟುಕತ್ತಿ, ಅದರ ಹಿಂದೆ ರಾಜೀವಿ. ಮಗ ಸೃಜನ್ ಬಂದು ಮೊಬೈಲನ್ನು ಅವಳ ಮೂಗಿನ ಹತ್ತಿರ ಹಿಡಿದ. ಪರದೆಯಲ್ಲಿ ಯಾರೋ ಹೆಂಗಸು ವಿಮಾನದಲ್ಲಿ ಕೂತಿದ್ದಳು. ನೋಡುತ್ತಿದ್ದಂತೆ ಅವಳ ಸೀಟು ಬಿಸಿಲಿಗೆ ಮೈಮುರಿಯುವ ಬೆಕ್ಕಿನ ಹಾಗೆ ಉದ್ದವಾಯಿತು, ಚಪ್ಪಟೆಯಾಯಿತು. ಬಿಳಿ ಹಾಸು ಬಂತು, ದಿಂಬು ಬಂತು. ಹೆಂಗಸು ಕಾಲು ಚಾಚಿ ಮಲಗಿಯೇ ಬಿಟ್ಟಳು. ಕಿಟಕಿಯಾಚೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆಯಂಥ ಮೋಡ.

"ಇದು ಕುರ್ಚಿಯಾ, ಮಂಚವಾ?" ರಾಜೀವಿ ಕೇಳಿದಳು.

"ದೋನೋ, ಅಮ್ಮ. ಬಿಸಿನೆಸ್ ಕ್ಲಾಸ್."

"ನಮ್ಮಲ್ಲಿ ಬಿಸಿನೆಸ್ ಯಾರಿಗುಂಟು ಮಾರಾಯ? ನಿನ್ನ ಅಪ್ಪ ನಲವತ್ತು ವರ್ಷ ಇನ್ನೊಬ್ಬರ ಬಿಸಿನೆಸ್ ನೋಡಿದ್ರು, ಅಷ್ಟೆ."

"ಬಿಸಿನೆಸ್ ಬೇಡ. ಪಾಯಿಂಟ್ಸ್ ಸಾಕು."

ಈ ಪಾಯಿಂಟ್ಸ್ ಎನ್ನುವುದು ಆ ಮನೆಯಲ್ಲಿ ಮೂರು ವರ್ಷಗಳಿಂದ ನಡೆದುಬಂದ ಒಂದು ವ್ರತ. ಅಂಧೇರಿಯ ಇನ್ಶೂರೆನ್ಸ್ ಆಫೀಸಿನಲ್ಲಿದ್ದ ಸೃಜನ್ ಹೊಸ ಕ್ರೆಡಿಟ್ ಕಾರ್ಡು ತಂದಂದಿನಿಂದ ಮನೆಯವರಾರೂ ನಗದು ಮುಟ್ಟಕೂಡದು. ಗ್ಯಾಸು, ಕಿರಾಣಿ, ಕರೆಂಟು, ಹಲ್ಲಿನ ಡಾಕ್ಟರು, ಎಲ್ಲವೂ ಕಾರ್ಡಿನ ಮೇಲೆ. ಉಜ್ಜಿದಷ್ಟೂ ಪಾಯಿಂಟು; ಪಾಯಿಂಟು ಬೆಳೆದು ಮೈಲು; ಮೈಲು ಬೆಳೆದು ವಿಮಾನದ ಸೀಟು.

"ಮೈಲು ಉಂಟು, ಮೈಲಿಗೆ ಇಲ್ಲ. ಒಳ್ಳೆ ವ್ರತ," ಎಂದ ದೂಜ, ರಾಜೀವಿಯ ಗಂಡ. ಬಾಂದ್ರಾದ ಹೋಟೆಲಿನಲ್ಲಿ ಟೇಬಲು ಒರೆಸುವುದರಿಂದ ಹಿಡಿದು ಗಲ್ಲಾದವರೆಗೆ ಏರಿದ್ದ ಮನುಷ್ಯ. ಈಗ ಬೆಳಗಿನ ಹೊತ್ತು ಮಾತ್ರ ಹೋಗಿ ಬರುತ್ತಿದ್ದ. ಯಾರ ಗಂಟಲನ್ನಾದರೂ ಒಂದು ಸಲ ಕೇಳಿದರೆ ಸಾಕು, ಅದು ಅವನ ಗಂಟಲಾಗುತ್ತಿತ್ತು. ಅಂದೂ ಹಾಲ್‌ನಲ್ಲಿ ಪೇಪರು ಓದುತ್ತಿದ್ದವನು ವೇಟರಿನ ದನಿ ತೆಗೆದು ಒಳಗೆ ಕೂಗಿದ: "ಏಕ್ ಆಕಾಶ್, ಮೋಡ ಮಾರ್‌ಕೇ! ದೋ ದಿಂಬು, ಬರ್ಫ್ ಕಮ್!"

ಸೃಜನ್ ನಕ್ಕು ವಿಷಯ ಹೇಳಿದ. ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನ ಮದುವೆಗೆ ಮೂವತ್ತೈದು ವರ್ಷ. ಮುಂಬಯಿಯಿಂದ ಸಿಂಗಾಪುರಕ್ಕೆ ಎರಡು ಮಲಗುವ ಸೀಟು, ಹೋಗಿ ಬರಲು. ದುಡ್ಡಲ್ಲಾದರೆ ಆರು ಲಕ್ಷದ ಹತ್ತಿರ. ಪಾಯಿಂಟಿನಲ್ಲಾದರೆ ಟ್ಯಾಕ್ಸು ಮಾತ್ರ.

ರಾಜೀವಿ ಮೆಟ್ಟುಕತ್ತಿಯ ಮೇಲಿಂದ ಕೈ ತೆಗೆದಳು. ದಾದರಿನಲ್ಲಿ ಊರವರದೇ ಒಂದು ಕ್ರೆಡಿಟ್ ಸೊಸೈಟಿ; ಅಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆ. ಅಷ್ಟು ವರ್ಷ ಸೆಂಟ್ರಲ್ ಲೈನಿನ ರೈಲಿನಲ್ಲಿ ನಿಂತೋ, ಯಾರದೋ ತೊಡೆಯ ಅಂಚಿಗೆ ಕೂತೋ ಹೋಗಿಬಂದವಳು. ಅವಳು ಕೇಳಿದ್ದು ಒಂದೇ ಮಾತು: "ಪೂರ್ತಿ ಕಾಲು ಚಾಚಬಹುದಾ?"

"ಪೂರ್ತಿ."

ಅಂದು ಬಸಳೆಗೆ ಉಪ್ಪು ಎರಡು ಸಲ ಬಿತ್ತು. ಎಲ್ಲರೂ ನೀರು ಕುಡಿದುಕೊಂಡು ಉಂಡರು.

*

ಫೆಬ್ರವರಿಯಿಡೀ ರಾಜೀವಿ ಮನೆಯಲ್ಲಿದ್ದೂ ಇರಲಿಲ್ಲ. ಬಟ್ಟೆ ಒಣಹಾಕಲು ಗ್ಯಾಲರಿಗೆ ಹೋದರೆ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಐದು ನಿಮಿಷ ಆಕಾಶ ನೋಡುವಳು. ಮುಲುಂಡಿನ ಮೇಲೆ ಹಾದುಹೋಗುವ ಪ್ರತಿ ವಿಮಾನದಲ್ಲೂ ಯಾರೋ ಕಾಲು ಚಾಚಿ ಮಲಗಿದ್ದಾರೆ ಎಂದು ಅವಳಿಗೆ ಈಗ ಗೊತ್ತಿತ್ತು. ಮಧ್ಯಾಹ್ನ ದಿವಾನಿನ ಮೇಲೆ ಚಪ್ಪಟೆ ಮಲಗಿ, ಮೇಲೆ ತಿರುಗುವ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಎಂಜಿನ್ನು ಎಂದುಕೊಂಡರೆ ನಿಧಾನಕ್ಕೆ ಮನೆ ಮೇಲೇಳುತ್ತಿತ್ತು. ಮೊದಲು ಎದುರಿನ ಬಿಲ್ಡಿಂಗಿನ ನೀರಿನ ಟ್ಯಾಂಕು ಕೆಳಗೆ ಹೋಯಿತು, ಆಮೇಲೆ ಸ್ಟೇಷನ್ನು, ಆಮೇಲೆ ಖಾಡಿಯ ಹಿನ್ನೀರಿನ ಉಪ್ಪಿನ ಗದ್ದೆಗಳು ಬೆಳ್ಳಗೆ ಒಣಹಾಕಿದ ಹಪ್ಪಳಗಳಾದವು.

ಬ್ಯಾಂಕಿನ ಕೆಲಸದಿಂದ ಬರುವ ಸೊಸೆ ಲಾವಣ್ಯಾ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಜೋಡಿಸಿ, "ಮ್ಯಾಡಮ್, ಚಾ ಲೇಂಗೇ ಯಾ ಕಾಫಿ?" ಎನ್ನುವಳು.

"ಚಾ. ಸಕ್ಕರೆ ನೀನು ಹಾಕುವಷ್ಟಲ್ಲ, ನಾನು ಹಾಕುವಷ್ಟು."

"ಅತ್ತೆ, ವಿಮಾನದಲ್ಲಿ ಹೀಗೆ ಜೋರು ಮಾಡ್ಬೇಡಿ. ಇಳಿಸ್ತಾರೆ."

"ಎಲ್ಲಿ ಇಳಿಸುದು, ನಡು ಆಕಾಶದಲ್ಲಾ?"

ಹೀಗೆ ತೇಲುತ್ತಿದ್ದ ಮನೆಗೆ ಮೊದಲ ಕಲ್ಲು ಎರಡನೇ ಮಾಳಿಗೆಯಿಂದ ಬಂತು. ಕಲ್ಲಿನ ಹೆಸರು ಗಂಗುಬಾಯಿ. ವಿಜಯಪುರದ ಕಡೆಯ ಹೆಂಗಸು, ಗಂಡ ಕಂಟ್ರಾಕ್ಟರನ ಕೈಕೆಳಗೆ ಮೇಸ್ತ್ರಿ. ಒಂದು ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಬಂದಳು.

"ಏನ್ರಿ ರಾಜೀವಕ್ಕಾ, ಟಿಕೀಟ್ ತಗಸೀರಂತ?"

"ಹೌದು ಗಂಗಕ್ಕ, ಏಪ್ರಿಲ್‌ಗೆ. ಕೂತ್ಕೊಳ್ಳಿ."

"ಕುಂಡ್ರತೀನಿ. ನಮ್ಮ ಫ್ರಿಜ್ಜಿನ ಪಾಲ ಎಲ್ಲೈತಿ?"

ತಪ್ಪು ರಾಜೀವಿಯದೇ. ಹದಿನೆಂಟು ವರ್ಷಗಳಿಂದ ಬಿಲ್ಡಿಂಗಿನ ಹೆಂಗಸರ ಭಿಶಿ ನಡೆಸುತ್ತಿದ್ದವಳು ಅವಳು. ಹನ್ನೆರಡು ಮಂದಿ ತಿಂಗಳಿಗಿಷ್ಟು ಹಾಕುವುದು, ಚೀಟಿ ಎತ್ತುವುದು, ಬಂದವಳು ಪೂರ್ತಿ ಗಂಟು ಒಯ್ಯುವುದು. ವರ್ಷ ಮುಗಿಯುವುದರೊಳಗೆ ಎಲ್ಲರ ಸರದಿಯೂ ಬರಲೇಬೇಕು. ಅದೇ ಭಿಶಿಯಲ್ಲಿ ಕೂತು ಅವಳು ಮಗನ ಕಾರ್ಡಿಗೆ ಗಿರಾಕಿ ಹಿಡಿದಿದ್ದಳು: ದೊಡ್ಡ ಸಾಮಾನು ತಗೊಳ್ಳುವುದಿದ್ದರೆ ಸೃಜನನ ಕಾರ್ಡಿನಲ್ಲಿ ತಗೊಳ್ಳಿ, ದುಡ್ಡು ಅವನಿಗೆ ಕೊಟ್ಟರಾಯಿತು. ನಮಗೇನು ಲಾಭ ಎಂದು ಯಾರೋ ಕೇಳಿದಾಗ ಅಭ್ಯಾಸಬಲದಿಂದ ಬಾಯಿ ಹೇಳಿಬಿಟ್ಟಿತ್ತು: ನಿಮ್ಮದೂ ಒಂದು ಪಾಲು ಉಂಟಲ್ಲ.

"ನಲವತ್ತೆರಡು ಸಾವಿರದ್ದ ಫ್ರಿಜ್ರಿ. ಡಬಲ್ ಡೋರ್," ಎಂದಳು ಗಂಗುಬಾಯಿ. "ಅದಿಲ್ದ ನಿಮ್ಮ ಇಮಾನ ಮ್ಯಾಲೆ ಏಳತಿತ್ತೇನ?"

ಸೃಜನ್ ಮೊಬೈಲು ತೆರೆದು ಲೆಕ್ಕ ಹಾಕಿದ. "ಆಂಟಿ, ಫ್ರಿಜ್ಜಿಗೆ ಸಾವಿರದ ಚಿಲ್ಲರೆ ಪಾಯಿಂಟ್. ಸೀಟಿಗೆ ಲಾಖ್. ನಿಮ್ಮದು ಸೀಟಿನ... ಬಟನ್ ಭೀ ನಹೀ ಬನೇಗಾ."

"ಸಣ್ಣದಿದ್ರೂ ನಂದಽ ಹೌದಿಲ್ಲೋ? ನಿಮ್ಮ ಅವ್ವ ಭಿಶಿದಾಗ ಹತ್ತು ರೂಪಾಯಿ ಸೈತ ಬಿಡಂಗಿಲ್ಲ, ಕೇಳ."

ಅದು ನಿಜವಾದ್ದರಿಂದ ರಾಜೀವಿ ತಲೆತಗ್ಗಿಸಿದಳು. ದೂಜ ಮಧ್ಯೆ ಬಂದು, ಹೋಟೆಲಿನಲ್ಲಿ ರೇಗಿದ ಗಿರಾಕಿಗೆ ಶೀರಾ ಕೊಟ್ಟು ಸಮಾಧಾನ ಮಾಡುವ ದನಿಯಲ್ಲಿ ರಾಜಿ ಮಾಡಿಸಿದ. ವಿಮಾನದಲ್ಲಿ ಕೊಡುವ ಚಪ್ಪಲಿ, ಮುಖಕ್ಕೆ ಹಚ್ಚುವ ಕ್ರೀಮಿನ ಚಿಕ್ಕ ಚೀಲ ಎರಡೂ ಗಂಗುಬಾಯಿಗೆ. ಅವಳು ಚಾ ಕುಡಿದು ಎದ್ದಳು. ಬಾಗಿಲಲ್ಲಿ ತಿರುಗಿ, "ಕಾಲ್ಚೀಲಾನೂ ಕೊಡ್ತಾರಂತ, ಕೇಳೀನಿ," ಎಂದು ಸೇರಿಸಿದಳು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗದೇ ಉಳಿದದ್ದು ಗಂಡನ ಮೊಬೈಲಿನಲ್ಲಿ ಪಾಯಿಂಟಿನ ಲೆಕ್ಕ ನೋಡುತ್ತಿದ್ದ ಲಾವಣ್ಯಾ.

*

ಮಾರ್ಚಿನ ಎರಡನೇ ಭಾನುವಾರ ಜೋಗೇಶ್ವರಿಯಿಂದ ವಾರಿಜಾ ಊಟಕ್ಕೆ ಬಂದಳು. ದೂಜನ ತಂಗಿ, ರಾಜೀವಿಗೆ ನಾದಿನಿ, ಸೃಜನನಿಗೆ ಮಾಮಿ. ಅವಳ ಗಂಡ ಧನರಾಜ್ ಅಲ್ಲಿಯ ಗಾಳೆಯೊಂದರಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನಲ್ಲಿ, ಲೇತ್ ಮೆಷೀನು ಇಟ್ಟುಕೊಂಡಿದ್ದ. ನಲವತ್ತೆರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಹೋಗಿ ಆಗ ಒಂದು ವರ್ಷ. ವರ್ಷದ ಕಾರ್ಯ ಮುಗಿದ ಮೇಲೆ ವಾರಿಜಾ ಮನೆ ಬಿಟ್ಟು ಹೊರಟದ್ದು ಇದೇ ಮೊದಲು. ರಾಜೀವಿ ಕೋಳಿ ಸಾರು ಮಾಡಿ ನೀರುದೋಸೆ ಎರೆಯುತ್ತಿದ್ದಳು.

ದೂಜ ತಂಗಿಯನ್ನು ನಗಿಸಲು ಟೊಂಕ ಕಟ್ಟಿದ್ದ. ಮೂಗಿನಲ್ಲಿ ಇಂಗ್ಲಿಷು ಹೊರಡಿಸಿ, ಗಗನಸಖಿಯ ಹಾಗೆ ಎರಡೂ ಕೈ ಎರಡು ಬದಿಗೆ ಚಾಚಿ ತುರ್ತು ಬಾಗಿಲು ತೋರಿಸಿದ. ಒಂದು ಕಕ್ಕಸಿಗೆ, ಇನ್ನೊಂದು ಗ್ಯಾಲರಿಗೆ. ವಾರಿಜಾ ನಿಜಕ್ಕೂ ನಕ್ಕಳು.

"ಎಷ್ಟು ಪಾಯಿಂಟ್ ಆಯ್ತು ಮಗಾ?" ಎಂದು ಸೃಜನನನ್ನು ಕೇಳಿದಳು.

"ದೋ ಲಾಖ್‌ಗಿಂತ ಮೇಲೆ, ಮಾಮಿ."

"ಅಬ್ಬ! ಅಕ್ಕಿ ಬೇಳೆ ತಗೊಂಡ್ರೆ ಅಷ್ಟು ಬರ್ತದಾ?"

"ಅಕ್ಕಿ ಬೇಳೆಗೆ ಎಲ್ಲಿ, ಮಾಮಿ. ದೊಡ್ಡ ಬಿಲ್ ಬೇಕು. ಲಾಸ್ಟ್ ಇಯರ್ ಒಂದೂವರೆ ತಿಂಗಳಲ್ಲೇ ದೊಡ್ಡ ಸ್ಪೆಂಡ್ ಆಯ್ತಲ್ಲ, ಅದಕ್ಕೆ ಐದು ಪಟ್ಟು ಬೋನಸ್ ಸಹ..."

ಅವನ ಮಾತು ಅಲ್ಲೇ ನಿಂತಿತು. ಲಾವಣ್ಯಾ ತಟ್ಟೆ ನೋಡಿದಳು. ಕಾವಲಿಯ ಮೇಲಿನ ದೋಸೆ ಅಂಚು ಬಿಡುತ್ತಿತ್ತು, ರಾಜೀವಿ ಎಬ್ಬಿಸಲಿಲ್ಲ.

"ಲಾಸ್ಟ್ ಇಯರ್ ಎಂತ ತಗೊಂಡಿದ್ರಿ?" ವಾರಿಜಾ ಕೇಳಿದಳು. ಆಮೇಲೆ ತಾನೇ ಮೆಲ್ಲಗೆ ಹೇಳಿಕೊಂಡಳು: "ಒಂಬತ್ತು ಲಕ್ಷ. ಮೂರು ದಿವಸಕ್ಕೊಮ್ಮೆ ಆಸ್ಪತ್ರೆಯ ಕೌಂಟರಿನಲ್ಲಿ ಸೃಜನನ ಕಾರ್ಡು ಉಜ್ಜುದು. ನಾನು ಬದಿಯಲ್ಲೇ ನಿಂತಿದ್ದೆ."

"ಮಾಮಿ, ಕಸಮ್ ಸೇ, ಆ ಟೈಮಲ್ಲಿ ಪಾಯಿಂಟ್ ನನ್ನ ತಲೆಯಲ್ಲಿ ಇರ್ಲಿಲ್ಲ. ಅವರು ತಕ್ಷಣ ಡೆಪಾಸಿಟ್ ಕೇಳಿದ್ರು, ನಮ್ಮ ಯಾರ ಹತ್ರಾನೂ..."

"ನಿನ್ನ ತಲೆಯಲ್ಲಿತ್ತು ಅಂತ ನಾನು ಹೇಳಿದ್ನಾ? ದುಡ್ಡು ನಾನು ಮೆಷೀನು ಮಾರಿ ಕೊಟ್ಟೆ, ಅದೂ ಸರಿ. ಆದ್ರೆ ಒಂದು ವರ್ಷ ಎಲ್ಲರ ಹತ್ರ ಹೇಳಿಕೊಂಡು ಬಂದಿದ್ದೇನೆ, ಅಣ್ಣನ ಮಗ ಉಪಕಾರ ಮಾಡಿದ ಅಂತ." ಅವಳು ಕೈ ತೊಳೆಯಲು ಎದ್ದಳು. "ಅವರು ಟ್ಯೂಬು ಹಾಕಿಸಿಕೊಂಡು ಮಲಗಿದ್ದು, ನೀವು ಸಿಂಗಾಪುರಕ್ಕೆ ಮಲಗಿಕೊಂಡು ಹೋಗ್ಲಿಕ್ಕಾ?"

"ವಾರಿಜಾ, ಹಾಗಲ್ಲ," ಎಂದ ದೂಜ. ಆ ದನಿ ಅವನದೇ ಆಗಿತ್ತು, ಬೇರೆ ಯಾರದೂ ಆಗಿರಲಿಲ್ಲ.

ನನಗೆ ಗೊತ್ತಿರಲಿಲ್ಲ ಎನ್ನಬೇಕೆಂದು ರಾಜೀವಿ ಬಾಯಿ ತೆರೆದಳು. ಗೊತ್ತಿರಲಿಲ್ಲ, ನಿಜ. ಆದರೆ ಗಂಗುಬಾಯಿಯ ಫ್ರಿಜ್ಜಿಗೆ ಸಾವಿರ ಪಾಯಿಂಟಾದರೆ ಉಳಿದ ಲಕ್ಷ ಎಲ್ಲಿಂದ ಬಂತು ಎಂದು ಅವಳು ಕೇಳಿಯೂ ಇರಲಿಲ್ಲ. ತಿರುಗಿ ಒಲೆ ಆರಿಸಿದಳು. ಕಾವಲಿಯ ಮೇಲೆ ದೋಸೆ ಹಪ್ಪಳವಾಗಿತ್ತು.

*

ಆಮೇಲಿನ ಎರಡು ವಾರ ವಾರಿಜಾ ಫೋನು ಎತ್ತಲಿಲ್ಲ. ಮನೆಯಲ್ಲಿ ಊಟ ಬೇಗ ಮುಗಿಯತೊಡಗಿತು. ಒಂದು ಮಧ್ಯಾಹ್ನ ರಾಜೀವಿ ಭಿಶಿಯ ವಹಿ ತೆಗೆದು, ಸೃಜನನಿಂದ ಹೇಳಿಸಿಕೊಂಡ ಅಂಕಿಗಳನ್ನು ಒಂದರ ಕೆಳಗೊಂದು ಬರೆದಳು. ಆಸ್ಪತ್ರೆಯದ್ದು ಬೋನಸ್ಸು ಸೇರಿ ನೂರರಲ್ಲಿ ಎಪ್ಪತ್ತು. ಅಂದರೆ ಒಂದು ಸೀಟು ಪೂರ್ತಿ, ಇನ್ನೊಂದರಲ್ಲಿ ಸೊಂಟದ ತನಕ. ತನ್ನ ಪಾಲಿಗೆ ಉಳಿಯುವುದು ಕಾಲು ಚಾಚುವ ಜಾಗ ಮಾತ್ರ ಎಂದು ಹೊಳೆದು ಅವಳಿಗೆ ಒಬ್ಬಳೇ ನಗು ಬಂತು. ಆಮೇಲೆ ನಗು ಬರಲಿಲ್ಲ.

ಮರುದಿನ ದಾದರಿನಲ್ಲಿ ಗಾಡಿ ಬದಲಿಸಿ ಜೋಗೇಶ್ವರಿಗೆ ಹೋದಳು. ಬಾಗಿಲು ತೆಗೆದ ವಾರಿಜಾ ಒಳಗೆ ಹೋಗಿ ಚಾಕ್ಕೆ ನೀರಿಟ್ಟಳು. ಹೊರಗೆ ಗಾಳೆಗಳಲ್ಲಿ ಕಬ್ಬಿಣ ಕೊರೆಯುವ ಸದ್ದು. ಆ ಸಾಲಿನಲ್ಲಿ ಒಂದು ಶಟರು ಮಾತ್ರ ಕೆಳಗಿತ್ತು.

"ಇದು ನೋಡು," ರಾಜೀವಿ ವಹಿಯ ಹಾಳೆ ಮುಂದಿಟ್ಟಳು. "ಎರಡೂ ಸೀಟು ನಿನ್ನದು. ನೀನೂ ಮಗಳು ನಿಶ್ಮಿತಾಳೂ ಹೋಗಿ ಬನ್ನಿ."

"ನಿಶ್ಮಿತಾಳಿಗೆ ಪರೀಕ್ಷೆ ಉಂಟು. ನನಗೆ ಬೇಡ."

"ಭಿಶಿಯಲ್ಲಿ ನಂಬರ್ ಬಂದ ಮೇಲೆ ಬೇಡ ಹೇಳ್ಲಿಕ್ಕಿಲ್ಲ ವಾರಿಜಾ."

"ನಾನು ಯಾವ ಭಿಶಿಗೂ ಸೇರಿಲ್ಲ ಅತ್ತಿಗೆ. ಐಸಿಯುವಿನ ಹೊರಗೆ ಕೂತದ್ದಕ್ಕೆ ಸಂಬಳ ಕೊಡ್ಲಿಕ್ಕೆ ಬಂದಿದ್ದೀರಾ?"

"ಸಂಬಳ ಅಲ್ಲ ಮಾರಾಯ್ತಿ, ಪಾಲು."

"ಅವರ ಪಾಲಿಗೆ ಬಂದದ್ದು ಸಾವು. ಅದರಲ್ಲಿ ನಿಮಗೆ ಎಷ್ಟು ಬೇಕು ಹೇಳಿ, ಕೊಡ್ತೇನೆ."

ರಾಜೀವಿ ಚಾದ ಲೋಟ ಕೆಳಗಿಟ್ಟಳು. ಎದ್ದು ನಿಂತು ಹೇಳಿದಳು: "ನೀನು ಕೂರದ ಸೀಟಿನಲ್ಲಿ ನಾನೂ ಕೂರುದಿಲ್ಲ."

"ಕೂರ್ಬೇಡಿ."

ಬಾಗಿಲು ಹಾಕಿಕೊಂಡಿತು. ಕೈಯಲ್ಲಿದ್ದ ಬಸಳೆಯ ಕಟ್ಟನ್ನು ಒಳಗೆ ಕೊಡಲು ಮರೆತದ್ದು ರಾಜೀವಿಗೆ ಸ್ಟೇಷನ್ನಿನಲ್ಲಿ ನೆನಪಾಯಿತು.

*

"ಕ್ಯಾನ್ಸಲ್ ಮಾಡು," ಎಂದಳು ಆ ಸಂಜೆ, ಸೃಜನ್ ಶೂ ಬಿಚ್ಚುವ ಮೊದಲೇ.

"ಕ್ಯಾ? ಅಮ್ಮ, ಮೂರು ವರ್ಷ ನಾನು..."

"ಗೊತ್ತುಂಟು."

"ಅವು ಬರೀ ನಂಬರ್ಸ್ ಅಮ್ಮ! ಬ್ಯಾಂಕ್‌ದು, ಮಾಮಿದಲ್ಲ. ನಾವು ತಗೊಳ್ಳದಿದ್ರೆ ಮಾಮಾ ವಾಪಸ್ ಬರ್ತಾರಾ?"

"ನಾಲಗೆ ಹಿಡಿದು ಮಾತಾಡು," ಎಂದ ದೂಜ.

"ಮತ್ತೆ ನನ್ನನ್ನ ಯಾಕೆ ಚೋರ್ ಥರ ನೋಡ್ತೀರಿ ಎಲ್ಲರೂ? ರಾತ್ರಿ ರಾತ್ರಿ ಆಸ್ಪತ್ರೆಗೆ ಓಡಿದ್ದು ಯಾರು? ಲಿಮಿಟ್ ಮುಗಿದಾಗ ಬ್ಯಾಂಕಿಗೆ ಫೋನ್ ಮಾಡಿ, ಕೈಕಾಲು ಹಿಡಿದು ಗಿಡಗಿಡಾಯಾ ಯಾರು?" ಸೃಜನನ ದನಿ ಒಡೆಯಿತು. ಇಪ್ಪತ್ತೊಂಬತ್ತರ ಗಂಡಸು ಶೂವಿನ ಲೇಸು ಹಿಡಿದು ಕಣ್ಣೊರೆಸಿಕೊಂಡ.

ರಾಜೀವಿ ಅವನ ಪಕ್ಕ ನೆಲದ ಮೇಲೆ ಕೂತಳು. "ನೀನು ಕಳ್ಳ ಅಲ್ಲ ಮಗಾ. ನೀನು ಮಾಡಿದ್ದು ಉಪಕಾರವೇ. ಆದ್ರೆ ಹದಿನೆಂಟು ವರ್ಷ ಭಿಶಿ ನಡೆಸಿದ್ದೇನೆ. ಒಬ್ಬಳ ಸರದಿ ಇನ್ನೊಬ್ಬಳು ತಿಂದದ್ದು ಇಲ್ಲ. ನಾನು ಅಲ್ಲಿ ಮಲಗಿದ್ರೆ ನಿದ್ದೆ ಬರ್ಲಿಕ್ಕಿಲ್ಲ. ನಿದ್ದೆ ಬಾರದವರಿಗೆ ಮಲಗುವ ಸೀಟು ಎಂತಕ್ಕೆ?"

ಲಾವಣ್ಯಾ ಮೆಲ್ಲಗೆ ಹೇಳಿದಳು: "ಅತ್ತೆ, ಮೂರು ತಿಂಗಳಿಂದ ಇದೇ ಕನಸು ಕಾಣ್ತಿದ್ದೀರಿ."

"ಕನಸಿಗೆ ಕ್ಯಾನ್ಸಲೇಶನ್ ಚಾರ್ಜ್ ಇಲ್ಲ. ಒತ್ತು."

ಒತ್ತಿದ. ಒಂದಷ್ಟು ಸಾವಿರ ರೂಪಾಯಿ ಕಳೆದುಕೊಂಡು ಪಾಯಿಂಟುಗಳೆಲ್ಲ ಬಂದಲ್ಲಿಗೇ ಮರಳಿದವು. ಸುದ್ದಿ ಕೇಳಿ ಗಂಗುಬಾಯಿ ಮೇಲೆ ಬಂದು, ಚಪ್ಪಲಿ ಕ್ರೀಮಿನ ಮಾತೆತ್ತದೆ, ಒಂದು ಡಬ್ಬಿ ಶೇಂಗಾ ಚಟ್ನಿ ಇಟ್ಟು ಇಳಿದುಹೋದಳು. ಮದುವೆಯ ದಿನ ದೂಜ ಹೋಟೆಲಿನಿಂದ ಶೀರಾ ಕಟ್ಟಿಸಿಕೊಂಡು ಬಂದ. ಮಿಮಿಕ್ರಿ ಮಾಡಲಿಲ್ಲ. ರಾಜೀವಿ ಬಟ್ಟೆ ಒಣಹಾಕುವಾಗ ಆಕಾಶ ನೋಡುವುದನ್ನು ಬಿಟ್ಟಿರಲಿಲ್ಲ. ಅಭ್ಯಾಸವಾಗಿತ್ತು, ಅಷ್ಟೆ.

*

ಏಪ್ರಿಲಿನ ಕೊನೆಯ ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಬೆಲ್ಲು ಆಯಿತು. ವಾರಿಜಾ. ಕೈಯಲ್ಲಿ ನೀರು ತೊಟ್ಟಿಕ್ಕುವ ಚೀಲ.

"ಬೊಂಬಿಲ್. ತಾಜಾ ಉಂಟು," ಎಂದು ಸೀದಾ ಅಡುಗೆಮನೆಗೆ ನಡೆದು ನಲ್ಲಿ ಬಿಟ್ಟಳು. ಮೀನಿನ ತಲೆ ಕೊಯ್ಯುತ್ತ, ತಿರುಗದೆಯೇ ಕೇಳಿದಳು: "ನಿಜವಾಗಿ ಕ್ಯಾನ್ಸಲ್ ಮಾಡಿದ್ರಾ?"

"ಯಾರು ಹೇಳಿದ್ದು?"

"ಲಾವಣ್ಯಾ ನಿಶ್ಮಿತಾಳಿಗೆ ಹೇಳಿದ್ಲು. ಅವಳು ನನ್ನನ್ನು ಕೂರಿಸಿ ಬೈದ್ಲು. ಅತ್ತೆ ಆಸೆ ಬಿಟ್ಟುಕೊಟ್ರು, ನೀನು ಸಿಟ್ಟೂ ಬಿಟ್ಟುಕೊಡುದಿಲ್ವಾ ಅಂತ." ಚೂರಿ ಇನ್ನೊಂದು ಬೊಂಬಿಲ್ ಮೇಲೆ ಇಳಿಯಿತು. "ಆ ಪಾಯಿಂಟು ಎಷ್ಟು ದಿನ ಇರ್ತದೆ?"

"ಡಿಸೆಂಬರ್ ತನಕ, ಮಾಮಿ," ಎಂದ ಬಾಗಿಲಲ್ಲಿ ನಿಂತಿದ್ದ ಸೃಜನ್. "ಆಮೇಲೆ ಲ್ಯಾಪ್ಸ್."

"ಅಂದ್ರೆ ಬ್ಯಾಂಕಿನವನಿಗೆ."

"ಹಾಂ."

ವಾರಿಜಾ ಕೈ ತೊಳೆದಳು. "ಒಂಬತ್ತು ಲಕ್ಷ ಹೋಯ್ತು. ಮೆಷೀನು ಹೋಯ್ತು. ಮನುಷ್ಯನೇ ಹೋದ. ಅಷ್ಟರಲ್ಲಿ ಉಳಿದದ್ದು ಇದೊಂದು. ಇದನ್ನೂ ಬ್ಯಾಂಕಿನವನಿಗೆ ಬಿಡುದಾ? ಬುಕ್ ಮಾಡು ಮಗಾ. ಒಂದು ಅತ್ತಿಗೆಗೆ, ಒಂದು ನನಗೆ." ಆಮೇಲೆ ಅಣ್ಣನ ಕಡೆ ನೋಡಿದಳು. "ನಿನಗೆ ಬೇಡ. ನೀನು ಬಂದ್ರೆ ಪೈಲಟ್ ಯಾರು ಅಂತ ಜನರಿಗೆ ಗೊತ್ತಾಗ್ಲಿಕ್ಕಿಲ್ಲ."

"ನಾನು ನಲವತ್ತು ವರ್ಷ ನಿಂತವ," ಎಂದ ದೂಜ. "ನನ್ನನ್ನು ಮಲಗಿಸಿದ್ರೆ ಏಳಿಸ್ಲಿಕ್ಕೆ ಕ್ರೇನ್ ಬೇಕು. ನೀವು ಹೋಗಿ."

ಆದರೆ ಸಿಂಗಾಪುರದ ಸೀಟುಗಳು ಅಷ್ಟರಲ್ಲಿ ಯಾರ ಯಾರದೋ ಕಾಲುಗಳ ಪಾಲಾಗಿದ್ದವು. ಸೃಜನ್ ಒಂದು ವಾರ ಊಟದ ತಟ್ಟೆಯ ಪಕ್ಕ ಮೊಬೈಲು ಇಟ್ಟುಕೊಂಡು ಹುಡುಕಿದ. ಕೊನೆಗೆ ಒಂದು ಸಂಜೆ ಕುಣಿದ: "ಮಿಲ್ ಗಯಾ! ದೋ ಸೀಟ್, ಲೈ-ಫ್ಲ್ಯಾಟ್, ಮೇ ಇಪ್ಪತ್ತು. ಅಡಿಸ್ ಅಬಾಬಾ!"

"ಅಬಾಬಾ!" ಎಂದ ದೂಜ. ಮಗನದೇ ಗಂಟಲು; ಎರಡು ತಿಂಗಳ ಮೇಲೆ ಹೊರಬಿದ್ದ ಮೊದಲ ಮಿಮಿಕ್ರಿ. "ಎಲ್ಲಿಯದ್ದು ಅದು?"

"ಆಫ್ರಿಕಾ. ಇಥಿಯೋಪಿಯಾ. ಅಲ್ಲಿ ದೋಸೆ ಥರ ತಿನ್ತಾರೆ, ಹುಳಿ, ಇಷ್ಟು ದೊಡ್ಡದು."

"ಹಾಗಾದ್ರೆ ಉಡುಪಿಯವರು ಮೊದಲೇ ಹೋಗಿರ್ಬೇಕು."

ಅಲ್ಲಿ ಯಾರಿದ್ದಾರೆ, ಏನು ನೋಡುವುದು ಎಂದು ಲಾವಣ್ಯಾ ಕೇಳಿದಳು. ಅತ್ತಿಗೆ ನಾದಿನಿ ಮುಖ ಮುಖ ನೋಡಿಕೊಂಡರು. ಅದನ್ನು ಇಬ್ಬರೂ ಯೋಚಿಸಿಯೇ ಇರಲಿಲ್ಲ. ಗಂಗುಬಾಯಿ ಊರಿನ ಹೆಸರು ಕೇಳಿ, "ಹಲ್ಲ ಕೀಳಿಸ್ಕೊಂಡಾವರು ಚೀರಿದ್ಹಂಗ ಐತಲ್ರಿ!" ಎಂದಳು. ಆಮೇಲೆ ದನಿ ತಗ್ಗಿಸಿ, "ಚಪ್ಪಲಿ ಕೊಡತಾರಿಲ್ಲೋ?" ಎಂದಳು.

*

ಬೆಳಗಿನ ವಿಮಾನ. ಒಳಗೆ ಹೊಕ್ಕಾಗ ಉಳಿದ ಜನ ಬಲಕ್ಕೆ ಹೋದರು, ಇವರಿಬ್ಬರನ್ನು ಎಡಕ್ಕೆ ಕಳಿಸಿದರು. ತಪ್ಪಿತೋ ಏನೋ ಎಂದು ರಾಜೀವಿ ಎರಡು ಸಲ ಟಿಕೀಟು ತೋರಿಸಿದಳು. ವಾರಿಜಾ ಸೀಟಿನ ತುದಿಯಲ್ಲಿ, ಮಡಿಲಲ್ಲಿ ಚೀಲ ಅವುಚಿಕೊಂಡು, ಯಾರೋ ಹೆಸರು ಹಿಡಿದು ಕರೆಯಲಿದ್ದಾರೆ ಎಂಬಂತೆ ಕೂತಳು. ಎತ್ತರದ ಕಪ್ಪು ಹುಡುಗಿಯೊಬ್ಬಳು ಬಿಸಿ ಬಟ್ಟೆಯ ಸುರುಳಿ ಕೊಟ್ಟಳು. ತಿನ್ನುವುದಲ್ಲ ಎಂದು ತಿಳಿಯಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಮುಂಬಯಿ ಕೆಳಗೆ ಸರಿಯಿತು. ಸಮುದ್ರ ಬಂತು, ಸಮುದ್ರದ ಮೇಲೆ ಮೋಡ ಬಂತು. ಊಟ ಬಂತು, ಹುಳಿ ದೋಸೆಯೂ ಬಂತು. ವಾರಿಜಾ ಒಂದು ತುಂಡು ಬಾಯಿಗಿಟ್ಟು, "ಹಿಟ್ಟು ಒಂದು ದಿನ ಹೆಚ್ಚಾಗಿದೆ," ಎಂದಳು. ಆಮೇಲೆ ಅದೇ ಹುಡುಗಿ ಬಂದು ಎರಡೂ ಸೀಟನ್ನು ಮಂಚ ಮಾಡಿ, ಹಾಸು ಹಾಸಿ, ಕಿಟಕಿಗಳನ್ನು ಮಬ್ಬು ಮಾಡಿ ಹೋದಳು.

ರಾಜೀವಿ ಮಲಗಿದಳು. ಹೆಬ್ಬೆರಳಿನ ತುದಿಯವರೆಗೆ ಕಾಲು ಚಾಚಿದಳು. ಏನೂ ತಾಗಲಿಲ್ಲ. ಮೈ ಕೆಳಗೆ ಏನೋ ಮೆಲ್ಲನೆ ಗುಣುಗುತ್ತಿತ್ತು. ಕಣ್ಣು ಮುಚ್ಚಿದರೆ ತಾನು ಮಲಗಿದ್ದು ಹಾಸಿಗೆಯ ಮೇಲೋ, ಮೋಡದ ಮೇಲೋ, ಸಮುದ್ರದ ಮೇಲೋ ತಿಳಿಯುತ್ತಿರಲಿಲ್ಲ.

ಟಿಂಗ್.

ಕಣ್ಣು ತೆರೆದಳು. ವಾರಿಜಾ ಮಲಗದೆ ಕೂತೇ ಇದ್ದಳು, ತಲೆಯ ಮೇಲೆ ಸಣ್ಣದೊಂದು ದೀಪ. ಹುಡುಗಿ ಬಂದು ಬಗ್ಗಿದಳು, ವಾರಿಜಾ ತಲೆಯಾಡಿಸಿದಳು, ಹುಡುಗಿ ನಕ್ಕು ಹೋದಳು. ರಾಜೀವಿಗೆ ಮತ್ತೆ ಜೊಂಪು ಹತ್ತಿತು.

ಟಿಂಗ್. ಹುಡುಗಿ ಬಂದಳು, ಹೋದಳು.

ಮೂರನೇ ಸಲ ಟಿಂಗ್ ಎಂದಾಗ ರಾಜೀವಿ ಎದ್ದು ಕೂತಳು. "ಎಂತ ಬೇಕು ವಾರಿಜಾ? ನೀರಾ? ಹೊಟ್ಟೆ ಸರಿಯಿಲ್ವಾ?"

"ಏನೂ ಬೇಡ ಅತ್ತಿಗೆ."

"ಮತ್ತೆ ಪಾಪ ಆ ಹುಡುಗಿಯನ್ನು ಯಾಕೆ ಓಡಿಸ್ತೀ?"

ವಾರಿಜಾ ಹುಡುಗಿಯನ್ನು ಕರೆಯುವ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ. "ಅವರ ಮಂಚದ ಹತ್ರಾನೂ ಇಂಥದ್ದೇ ಒಂದಿತ್ತು. ಕೊನೆಯ ನಾಲ್ಕು ದಿವಸ ವಾರ್ಡಿಗೆ ತಂದಿದ್ರಲ್ಲ, ಆವಾಗ. ಒತ್ತಿದ್ರೆ ದೀಪ ಹತ್ತುತ್ತಿತ್ತು. ಯಾರೂ ಬರ್ತಿರ್ಲಿಲ್ಲ. ಒತ್ತಿ ಒತ್ತಿ ನಾನೇ ಕಾರಿಡಾರಿನಲ್ಲಿ ಓಡುದು." ತಲೆಯ ಮೇಲಿನ ದೀಪದತ್ತ ನೋಡಿದಳು. "ಇಲ್ಲಿ ಬರ್ತಾರಾ ಅಂತ ನೋಡಿದೆ."

ಹುಡುಗಿ ಆಗಲೇ ಬಂದು ನಿಂತಿದ್ದಳು. ಮುಖದ ಮೇಲೆ ನಗುವಿದ್ದರೂ ಕಣ್ಣಲ್ಲಿ ಸುಸ್ತಿತ್ತು. ರಾಜೀವಿ ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ಕೈಸನ್ನೆಯಲ್ಲಿ ಉಳಿದದ್ದನ್ನು ತುಂಬಿ, ಮಂಚ, ಗಂಡ, ಆಸ್ಪತ್ರೆ, ಗುಂಡಿ, ನೋ ಬಡಿ ಕಮ್ ಎಂದು ಹೇಳಿ ಮುಗಿಸಿದಳು. ಹುಡುಗಿ ಎಷ್ಟು ತಿಳಿದುಕೊಂಡಳೋ. ಮಂಡಿಯೂರಿ ವಾರಿಜಾಳ ಪಕ್ಕ ಕೂತು, ಅವಳ ಕೈಯ ಮೇಲೆ ತನ್ನ ಕೈ ಇಟ್ಟು, ಅದೇ ಬೆರಳಿನಿಂದ ಗುಂಡಿಯನ್ನು ಇನ್ನೊಂದು ಸಲ ಒತ್ತಿಸಿದಳು. ಟಿಂಗ್ ಎಂದಿತು.

"ಐ ಆಮ್ ಹಿಯರ್, ಮಮ್ಮಾ," ಎಂದಳು.

ಅವಳು ಎದ್ದುಹೋಗಿ ಎಷ್ಟೋ ಹೊತ್ತಾದ ಮೇಲೆ ವಾರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮಡಿಲಿನ ಚೀಲವನ್ನು ಮೊದಲ ಸಲ ಕೆಳಗಿಟ್ಟಳು. ರಾಜೀವಿ ಇನ್ನೂ ಕೂತೇ ಇರುವುದನ್ನು ಕಂಡು ಗದರಿದಳು:

"ನೀವು ಮಲಗಿ ಅತ್ತಿಗೆ. ಏನಾದ್ರೂ ಬೇಕಾದ್ರೆ ಹೇಳಿ, ನಾನು ಒತ್ತುತ್ತೇನೆ. ಬರ್ತಾರೆ."